ಅತ್ತಿಗೆ ಕೊರಕಲಿಗೆ ಇಳಿದದ್ದು

ನನ್ನ ಅಣ್ಣ ತೀರಿಕೊಂಡದ್ದು ತೊಂಬತ್ತರ ದಶಕದ ನಡುವಿನ ಒಂದು ಆಗಸ್ಟಿನಲ್ಲಿ. ಕಳಸದಿಂದ ಒಳಗೆ, ಗುಡ್ಡದ ಬುಡದಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ. ಮನೆಯ ಬಳಕೆಗೂ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಪಲ್ಪ್ ಮಾಡುವುದಕ್ಕೂ ನೀರು ಮೇಲಿನ ಹಳ್ಳದಿಂದ ಪೈಪಿನಲ್ಲಿ ತಾನಾಗಿಯೇ ಇಳಿದು ಬರುತ್ತಿತ್ತು. ಮಳೆಗಾಲದಲ್ಲಿ ಪೈಪಿನ ಬಾಯಿಗೆ ಎಲೆ, ಕಡ್ಡಿ ಕಟ್ಟಿಕೊಂಡು ನೀರು ನಿಂತುಹೋಗುವುದು ಮಾಮೂಲು. ಅವತ್ತು ಬೆಳಿಗ್ಗೆಯೂ ನಿಂತಿತು. ಅಣ್ಣ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಕತ್ತಿ ಹಿಡಿದು ಹತ್ತಿ ಹೋದ. ವಾಪಸ್ ಬರಲಿಲ್ಲ.

ಪೈಪಿನ ಬಾಯಿ ಇದ್ದ ಜಾಗದಿಂದ ಸ್ವಲ್ಪ ಕೆಳಗೆ ಹಳ್ಳ ಎರಡು ದೊಡ್ಡ ಬಂಡೆಗಳ ನಡುವಿನ ಕೊರಕಲಿಗೆ ಬೀಳುತ್ತದೆ. ಅಂಚಿನಲ್ಲಿ ನಿಂತು ಬಗ್ಗಿ ನೋಡಿದರೆ ಕತ್ತಲೆ ಮತ್ತು ನೊರೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅದರೊಳಗೆ ಇಳಿದವರು ನಮ್ಮ ಕಡೆ ಯಾರೂ ಇರಲಿಲ್ಲ. ಇಳಿಯುವ ಅಗತ್ಯವೂ ಯಾರಿಗೂ ಬಿದ್ದಿರಲಿಲ್ಲ. ಊರಿನವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಂಚಿನುದ್ದಕ್ಕೂ ನಿಂತು ಕೂಗಿದರು. ಮಳೆ ಬಿಡಲೇ ಇಲ್ಲ. ವಾರ ಕಳೆಯುವ ಹೊತ್ತಿಗೆ, ಕೊರಕಲು ಮುಗಿದು ಹಳ್ಳ ಗದ್ದೆಬಯಲಿಗೆ ಬಂದು ಬೀಳುವ ಕಡೆ, ಅವನು ಸಿಕ್ಕಿದ.

ತಲೆಗೆ ಪೆಟ್ಟಾಗಿದೆ, ಬಿದ್ದ ತಕ್ಷಣ ಹೋಗಿರಬೇಕು ಎಂದರು ಡಾಕ್ಟರು. ಆ ಒಂದು ಮಾತನ್ನು ನಾವೆಲ್ಲ ಗಟ್ಟಿಯಾಗಿ ಹಿಡಿದುಕೊಂಡೆವು. ಅಮ್ಮ ಬಂದವರಿಗೆಲ್ಲ ಅದನ್ನೇ ಹೇಳಿದಳು: ಮಗನಿಗೆ ನೋವು ಗೊತ್ತಾಗಲಿಲ್ಲವಂತೆ. ಆದರೆ ಊರಲ್ಲಿ ಬೇರೆ ಮಾತೂ ಇತ್ತು. ಅವನಿಗೆ ಮಕ್ಕಳಿರಲಿಲ್ಲ. ಒಮ್ಮೊಮ್ಮೆ ಕುಡಿಯುತ್ತಿದ್ದ. ಅಷ್ಟು ಸಾಕಾಯಿತು. ಜಾರಿದ್ದಲ್ಲ, ಹಾರಿದ್ದು ಎಂದು ಯಾರೋ ಶುರು ಮಾಡಿದರು. ಯಾರೆಂದು ನಮಗೆ ಕೊನೆಗೂ ತಿಳಿಯಲಿಲ್ಲ.

ಅತ್ತಿಗೆಗೆ ಆಗ ಮೂವತ್ತೂ ತುಂಬಿರಲಿಲ್ಲ. ವಸ್ತಾರೆಯ ತವರಿನಿಂದ ಅವರ ಅಣ್ಣಂದಿರು ಜೀಪು ತೆಗೆದುಕೊಂಡು ಬಂದು ಕರೆದರು. "ಕುಯ್ಲು ಹತ್ರ ಬಂತಲ್ಲ, ಮುಗಿಸಿ ಬರ್ತೀನಿ" ಎಂದರು ಅತ್ತಿಗೆ. ಆ ವರ್ಷದ ಕುಯ್ಲು ಮುಗಿಯಿತು, ಮುಂದಿನದೂ ಮುಗಿಯಿತು, ಅವರು ಹೋಗಲಿಲ್ಲ. ನೆರಳಿನ ಮರ ಸವರಿಸುವುದು, ಔಷಧಿ ಹೊಡೆಸುವುದು, ಆಳುಗಳನ್ನು ಹೊಂದಿಸುವುದು ಎಲ್ಲವನ್ನೂ ಮೇಸ್ತ್ರಿಯ ಜೊತೆ ನಿಂತು ಕಲಿತರು. ನಾನು ಗಂಡನ ಜೊತೆ ಚಿಕ್ಕಮಗಳೂರಿನಲ್ಲಿದ್ದು, ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನ ಆಫೀಸಿನಲ್ಲಿ ಕೆಲಸ ಮಾಡಿಕೊಂಡಿದ್ದೆ. ರಜೆ ಸಿಕ್ಕಾಗ ಹೋಗಿ ಅವರ ಜೊತೆ ಇದ್ದು ಬರುತ್ತಿದ್ದೆ. ಅಣ್ಣನ ವಿಷಯ ನಾವಿಬ್ಬರೂ ಮಾತಾಡುತ್ತಿರಲಿಲ್ಲ. ಅಮ್ಮ ತೀರಿಕೊಂಡ ಮೇಲಂತೂ ಅವನ ಹೆಸರು ಹೇಳುವವರೇ ಮನೆಯಲ್ಲಿ ಇಲ್ಲದಂತಾಯಿತು.

ಹೀಗೆ ಹತ್ತು ಹನ್ನೆರಡು ವರ್ಷ ಕಳೆದಿರಬೇಕು. ಆ ಹೊತ್ತಿಗೆ ನಮ್ಮ ಕಡೆ ಹೋಮ್‌ಸ್ಟೇಗಳು ಶುರುವಾಗಿದ್ದವು. ಶನಿವಾರ ಬಂತೆಂದರೆ ಬೆಂಗಳೂರಿನ ಕಾರುಗಳು ಗುಡ್ಡದ ರಸ್ತೆಯಲ್ಲಿ ಸಾಲುಗಟ್ಟುತ್ತಿದ್ದವು. ಒಂದು ಭಾನುವಾರ ಅತ್ತಿಗೆ ಹೇಳದೆ ಕೇಳದೆ ಚಿಕ್ಕಮಗಳೂರಿನ ನನ್ನ ಮನೆಗೆ ಬಂದರು. ಚೀಲದಿಂದ ಬಣ್ಣದ ಹ್ಯಾಂಡ್‌ಬಿಲ್ ಒಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಹೆಲ್ಮೆಟ್ ಹಾಕಿಕೊಂಡ ಹುಡುಗ ಹುಡುಗಿಯರು ಹಗ್ಗ ಹಿಡಿದು, ಮೇಲಿನಿಂದ ಧುಮುಕುವ ಅಬ್ಬಿಯ ನೀರಿನ ಮಧ್ಯದಲ್ಲೇ ಇಳಿಯುತ್ತಿರುವ ಫೋಟೋ. ಮೇಲೆ ದೊಡ್ಡದಾಗಿ 'ಕ್ಯಾನಿಯನಿಂಗ್' ಎಂದು ಬರೆದಿತ್ತು.

"ಇದು ಎಂತ ಅಂತ ಗೊತ್ತಾ ನಿಂಗೆ?" ಎಂದು ಕೇಳಿದರು.

"ಹಳ್ಳದ ಒಳಗೇ ಹಗ್ಗ ಹಿಡ್ಕೊಂಡು ಇಳಿದು ಹೋಗದಂತೆ. ಈಗ ಬಂದಿರೋ ಆಟ" ಎಂದೆ.

"ಇದು ನಮ್ಮ ಹಳ್ಳ."

ನಾನು ಮತ್ತೆ ನೋಡಿದೆ. ನನಗೆ ಗುರುತು ಹತ್ತಲಿಲ್ಲ. ಅವರು ಫೋಟೋದ ಮೂಲೆಯಲ್ಲಿದ್ದ, ಬಾಗಿದ ಒಂದು ನೇರಳೆ ಮರದ ಮೇಲೆ ಬೆರಳಿಟ್ಟರು. ಅಂಚಿನಲ್ಲಿ ನಿಂತು ಆ ಮರವನ್ನು ಅವರು ಎಷ್ಟು ನೋಡಿದ್ದರೋ.

"ನಾನು ಒಳಗೆ ಹೋಗಿ ನೋಡ್ಬೇಕು. ನೀನು ಬರ್ತೀಯ?"

ಬೇಡ ಎನ್ನುವುದಕ್ಕೆ ನನ್ನ ಹತ್ತಿರ ಕಾರಣಗಳು ಬೇಕಾದಷ್ಟಿದ್ದವು. ಇಬ್ಬರಿಗೂ ವಯಸ್ಸು ನಲವತ್ತರ ಹತ್ತಿರ. ಈಜು ನನಗೆ ಅಷ್ಟಕ್ಕಷ್ಟೆ, ಅವರಿಗೆ ಬರುವುದೇ ಇಲ್ಲ. ಆದರೆ ಅವರು ಮದುವೆಯಾಗಿ ಬಂದಂದಿನಿಂದ ನನ್ನ ಹತ್ತಿರ ಏನನ್ನೂ ಕೇಳಿದವರಲ್ಲ. ಆಯಿತು ಎಂದೆ.

ಹ್ಯಾಂಡ್‌ಬಿಲ್ಲಿನವರ ಕ್ಯಾಂಪ್ ಇದ್ದದ್ದು ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ, ಅತ್ತಿಗುಂಡಿಯ ಆಚೆ. ಗುಡ್ಡದ ಇಳಿಜಾರಿನಲ್ಲಿ ನೀಲಿ ಟೆಂಟುಗಳು, ಎರಡು ಜೀಪು, ತಂತಿಯ ಮೇಲೆ ಒಣಗಲು ಹಾಕಿದ ಹಗ್ಗಗಳು. ನೋಡಿಕೊಳ್ಳುವವನು ಮೂವತ್ತರ ಆಸುಪಾಸಿನ ನಗುಮುಖದ ಮನುಷ್ಯ. ಕುರ್ಚಿ ಹಾಕಿಸಿ, ಕಾಫಿ ತರಿಸಿ ಕೂರಿಸಿದ.

"ಏನೂ ಯೋಚ್ನೆ ಮಾಡ್ಬೇಡಿ ಆಂಟಿ. ಈಜು ಬರದೆ ಇದ್ರೂ ಪರ್ವಾಗಿಲ್ಲ, ಲೈಫ್ ಜಾಕೆಟ್ ಕೊಡ್ತೀವಿ. ಮುಂದಿನ ವಾರಾನೇ ಹೋಗ್ಬಹುದು" ಎಂದ.

"ಮಳೆ ಇನ್ನೂ ಪೂರ್ತಿ ಹೋಗಿಲ್ವಲ್ಲ" ಎಂದೆ ನಾನು.

"ನೀರು ಇದ್ರೇನೇ ಅಲ್ವಾ ಮಜಾ."

ಅವನು ಒಳಗೆ ಹೋದಾಗ ಅತ್ತಿಗೆ ಮೆಲ್ಲಗೆ ಹೇಳಿದರು: "ಇವನೇ ಸರಿ. ಇವನು ಯಾಕೆ ಅಂತ ಕೇಳಲ್ಲ." ಹಗ್ಗಗಳ ಕಡೆ ನೋಡಿ ನನಗೆ ಧೈರ್ಯ ಬಂದಿರಲಿಲ್ಲ. ಒಂದೆರಡು ಕಡೆ ಮೇಲಿನ ಹೆಣಿಗೆ ಹರಿದು ಒಳಗಿನ ಬಿಳಿ ನೂಲು ಕಾಣುತ್ತಿತ್ತು. ಆದರೆ ಅವರಿಗೆ ಬೇಕಾಗಿದ್ದುದು ಪ್ರಶ್ನೆ ಕೇಳದ ಮನುಷ್ಯ ಎಂದು ಅರ್ಥವಾಗಿ ಸುಮ್ಮನಾದೆ.

ಅವನು ಬಂದು ಕೂತು, ಕಳಸದ ಕಡೆಯ ಆ ಕೊರಕಲನ್ನು ವರ್ಣಿಸತೊಡಗಿದ. ಎಲ್ಲಿ ಜಾರುವ ಬಂಡೆ ಇದೆ, ಎಲ್ಲಿ ನೀರಿಗೆ ಹಾರಬಹುದು ಎಂದೆಲ್ಲ ಹೇಳಿ, ಆಮೇಲೆ ಹೇಳಿದ:

"ಮಧ್ಯದಲ್ಲಿ ಒಂದು ಗುಂಡಿ ಸಿಗುತ್ತೆ ಆಂಟಿ. ಕುಡುಕನ ಗುಂಡಿ ಅಂತ ನಾವೇ ಹೆಸರಿಟ್ಟಿದೀವಿ. ಹಿಂದೆ ಯಾರೋ ಒಬ್ಬ ತೋಟದವನು ಕುಡಿದು, ಹೆಂಡ್ತಿ ಹತ್ರ ಜಗಳ ಆಡಿ, ಮೇಲಿಂದ ಹಾರಿದ್ನಂತೆ. ಗೆಸ್ಟ್‌ಗಳನ್ನ ಅಲ್ಲಿ ಕೂರಿಸಿ ಈ ಕಥೆ ಹೇಳ್ತೀವಿ. ಬೆಂಗಳೂರಿನವರಿಗೆ ತುಂಬಾ ಇಷ್ಟ ಆಗುತ್ತೆ."

ನಾನು ಎದ್ದು ನಿಂತೆ. ಅತ್ತಿಗೆ ನನ್ನ ಸೆರಗು ಹಿಡಿದು ಕೂರಿಸಿದರು. ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ನಿಧಾನವಾಗಿ ಕುಡಿದು ಮುಗಿಸಿದರು.

"ಅವನ ಹೆಂಡ್ತಿ ಏನಾದ್ಲಂತೆ?" ಎಂದು ಕೇಳಿದರು.

"ಅದು ಗೊತ್ತಿಲ್ಲ ಆಂಟಿ. ಎಲ್ಲಿಗೋ ಹೋಗಿರ್ಬೇಕು."

ಬಸ್ಸಿನಲ್ಲಿ ಅತ್ತಿಗೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಇದು ಇಲ್ಲಿಗೇ ಮುಗಿಯಿತು, ಒಳ್ಳೆಯದೇ ಆಯಿತು ಎಂದುಕೊಂಡೆ. ಪೇಟೆ ಹತ್ತಿರ ಬಂದಾಗ ಅವರು ಹೇಳಿದರು: "ಇವನ ಜೊತೆ ಬೇಡ. ಕಳಸದಲ್ಲೂ ಒಬ್ಬರು ಇದಾರಂತೆ. ಅವರನ್ನ ಕೇಳನ."

ಕಳಸದವರು ಬೇರೆಯೇ ತರಹದವರು. ಐವತ್ತು ದಾಟಿದ, ಮಿಲಿಟರಿಯಿಂದ ನಿವೃತ್ತರಾದ ಮನುಷ್ಯ. ಅಂಗಡಿಯೊಂದರ ಮಹಡಿಯಲ್ಲಿ ರೂಮು. ನಗುವುದಿರಲಿ, ಬನ್ನಿ ಎನ್ನುವುದೂ ಅವರಿಗೆ ಕಷ್ಟದ ಕೆಲಸವೇನೋ ಅನ್ನಿಸುವಂತಿದ್ದರು. ನಾವು ಹೇಳಿದ್ದನ್ನು ಕೇಳಿ, ಮೊದಲು ಬಿಪಿ ಇದೆಯಾ ಎಂದರು. ಮಂಡಿ ನೋವು ಇದೆಯಾ, ಎತ್ತರದಲ್ಲಿ ತಲೆ ತಿರುಗುತ್ತಾ, ಮನೆಯಲ್ಲಿ ಯಾರಿಗೆ ಹೇಳಿ ಬರುತ್ತೀರಿ ಎಂದು ಒಂದೊಂದಾಗಿ ಕೇಳಿದರು.

"ಡಿಸೆಂಬರ್‌ವರೆಗೆ ಯಾರನ್ನೂ ಕರ್ಕೊಂಡು ಹೋಗಲ್ಲ" ಎಂದರು. "ಇನ್ನೊಂದು ವಿಷಯ. ಮೊದಲ ಹಗ್ಗ ಇಳಿದು, ಅದನ್ನ ಕೆಳಗೆ ಎಳ್ಕೊಂಡ ಮೇಲೆ ವಾಪಸ್ ಹತ್ತಕ್ಕೆ ಆಗಲ್ಲ. ಹೆದರಿಕೆ ಆಯ್ತು, ಸಾಕು ಅಂದ್ರೆ ನಡೆಯಲ್ಲ. ಕೊನೆ ತನಕ ಇಳಿದೇ ಹೊರಗೆ ಬರ್ಬೇಕು. ನಿಮಗೆ ಚೆನ್ನಾಗಿರೋ ಬೇರೆ ಹಳ್ಳ ತೋರಿಸ್ತೀನಿ. ಅದೇ ಯಾಕೆ?"

ನಾನು ಅತ್ತಿಗೆಯ ಮುಖ ನೋಡಿದೆ. ಇನ್ನೇನು ಎದ್ದುಬಿಡುತ್ತಾರೆ ಅಂದುಕೊಂಡೆ.

"ನಮ್ಮನೆಯವರು ಅಲ್ಲಿ ತೀರಿಕೊಂಡಿದ್ದು" ಎಂದರು ಅತ್ತಿಗೆ. "ಪೈಪ್ ಸರಿಮಾಡಕ್ಕೆ ಹೋಗಿದ್ರು. ಜಾರಿ ಬಿದ್ರು."

ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಆ ಮನುಷ್ಯ ಕುರ್ಚಿ ಎಳೆದು ಅತ್ತಿಗೆಯ ಎದುರು ಕೂತರು.

"ನೋಡಿದ್ರೆ ಸಮಾಧಾನ ಆಗುತ್ತೆ ಅಂತ ನಾನು ಹೇಳಲ್ಲ ಅಮ್ಮ. ಆಗದೇ ಇರಬಹುದು."

"ಸಮಾಧಾನಕ್ಕೆ ಅಲ್ಲ. ನೋಡಕ್ಕೆ."

"ಆಗ್ಲಿ. ಆ ದಿನ ಬೇರೆ ಯಾರನ್ನೂ ಸೇರಿಸಲ್ಲ."

ನವೆಂಬರಿನಲ್ಲಿ ಎರಡು ಮೂರು ಭಾನುವಾರ ಕಳಸದ ಹೊರಗಿನ ಒಂದು ಬಂಡೆಯ ಮೇಲೆ ನಮ್ಮಿಬ್ಬರಿಗೂ ಅಭ್ಯಾಸ ಮಾಡಿಸಿದರು. ಅತ್ತಿಗೆ ಜೀವನದಲ್ಲಿ ಮೊದಲ ಸಲ ಪ್ಯಾಂಟು ಹಾಕಿಕೊಂಡಿದ್ದರು. ಸೊಂಟಕ್ಕೂ ತೊಡೆಗೂ ಪಟ್ಟಿ ಕಟ್ಟಿಸಿಕೊಂಡು ನಿಂತಾಗ ಯಾರಾದರೂ ನೋಡುತ್ತಾರೇನೋ ಎಂದು ರಸ್ತೆ ಕಡೆ ನೋಡುತ್ತಿದ್ದರು. ಮೊದಲನೇ ದಿನ ಅಂಚಿನಿಂದ ಹಿಂದಕ್ಕೆ ವಾಲಲು ಅವರಿಂದ ಆಗಲೇ ಇಲ್ಲ. ಅಲ್ಲೇ ಕೂತುಬಿಟ್ಟರು. "ಮುಂದಿನ ವಾರ ಬನ್ನಿ" ಎಂದಷ್ಟೇ ಹೇಳಿದರು ಮಿಲಿಟರಿಯವರು. ಬೇರೆ ಸಮಾಧಾನದ ಮಾತಿಲ್ಲ. ಮುಂದಿನ ವಾರ ಅತ್ತಿಗೆ ಇಳಿದರು. ನಾನೇ ಎರಡು ಸಲ ಬಂಡೆಗೆ ಬಡಿದು ಮೊಣಕೈ ತರಚಿಕೊಂಡೆ.

ಹೋಗುವ ಭಾನುವಾರ ಬೆಳಿಗ್ಗೆ ಇಬ್ಬನಿ ಗಿಡದಿಂದ ತೊಟ್ಟಿಕ್ಕುತ್ತಿತ್ತು. ಹಣ್ಣು ಕುಯ್ಯುವವರಿಗೆ ಅಂದು ರಜೆ, ತೋಟ ಖಾಲಿ. ಆ ಮಿಲಿಟರಿಯವರು, ಅವರ ತಮ್ಮ, ನಾವಿಬ್ಬರು, ತೋಟದ ಒಳಗಿನ ದಾರಿಯಲ್ಲೇ ಹತ್ತಿದೆವು. ಪೈಪಿನ ಬಾಯಿ ಈಗ ಬೇರೆ ಕಡೆ ಇದೆ. ಹಳೆಯ ಜಾಗದಲ್ಲಿ ಒಂದು ತುಂಡು ಸಿಮೆಂಟ್ ಕಟ್ಟೆ ಉಳಿದಿದೆ. ಅತ್ತಿಗೆ ಅಲ್ಲಿ ನಿಲ್ಲಲಿಲ್ಲ. ರಬ್ಬರಿನ ಬಿಗಿ ಅಂಗಿಯ ಮೇಲೆ ಪಟ್ಟಿಗಳನ್ನು ಕಟ್ಟಿಕೊಂಡು, ಹೆಲ್ಮೆಟ್ ಹಾಕಿಕೊಂಡು, "ನಾನು ಮೊದಲು ಹೋಗ್ಲಾ?" ಎಂದು ಕೇಳಿದರು. ಮಿಲಿಟರಿಯವರ ತಮ್ಮ ಮೊದಲು ಇಳಿದು ಕೆಳಗಿನಿಂದ ಹಗ್ಗ ಹಿಡಿದರು. ಆಮೇಲೆ ಅತ್ತಿಗೆ, ಆಮೇಲೆ ನಾನು.

ಕೆಳಗೆ ಇಳಿಯುತ್ತಿದ್ದಂತೆ ಹಕ್ಕಿಗಳ ಸದ್ದು ನಿಂತುಹೋಯಿತು. ನೀರಿನ ಸದ್ದೊಂದೇ. ಎರಡೂ ಕಡೆ ಕಪ್ಪು ಬಂಡೆ, ಪಾಚಿ, ನೀರು ಜಿನುಗುವ ಜರಿಗಿಡ. ತಲೆಯೆತ್ತಿದರೆ ಆಕಾಶ ಸೀರೆಯ ಅಂಚಿನಷ್ಟು ಅಗಲ. ನೀರಿನ ಚಳಿ ಮೂಳೆಗೇ ಇಳಿಯುತ್ತಿತ್ತು. ಮಿಲಿಟರಿಯವರು ಕೊನೆಗೆ ಇಳಿದು, ಹಗ್ಗದ ಒಂದು ತುದಿ ಹಿಡಿದು ಎಳೆದರು. ಅದು ಮೇಲಿನಿಂದ ಸುರುಳಿ ಬಿಚ್ಚುತ್ತಾ ನಮ್ಮ ಪಕ್ಕದ ನೀರಿಗೆ ಬಿತ್ತು. ಇನ್ನು ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ.

ಇನ್ನೊಂದು ಅಬ್ಬಿ ಇಳಿದ ಮೇಲೆ ಆ ಗುಂಡಿ ಸಿಕ್ಕಿತು. ನಾನು ಏನೋ ಭಯಂಕರವಾದದ್ದನ್ನು ನಿರೀಕ್ಷಿಸಿದ್ದೆ. ಅದು ನಮ್ಮ ಅಡಿಗೆಮನೆಯಷ್ಟು ಅಗಲದ, ಹಸಿರು ನೀರಿನ ಒಂದು ಗುಂಡಿ. ಡಿಸೆಂಬರಿನಲ್ಲಿ ನೀರು ಎದೆಮಟ್ಟ. ಅದರ ಹಿಂಬದಿಗೆ ಬಂಡೆ ಒಳಕ್ಕೆ ಕೊರೆದು, ಜಗಲಿಯಂತೆ ಒಂದು ಜಾಗ. ಅಲ್ಲಿ ಒಣ ಮರಳು, ಒಂದಷ್ಟು ಕಟ್ಟಿಗೆ. ಚಿಪ್ಸಿನ ಪೊಟ್ಟಣಗಳು, ಒಡೆದ ಬಿಯರ್ ಬಾಟಲಿ. ಗೋಡೆಯ ಮೇಲೆ ಯಾರೋ ಬಿಳಿ ಪೇಂಟಿನಲ್ಲಿ ಹೃದಯ ಬಿಡಿಸಿ ಎರಡು ಅಕ್ಷರ ಬರೆದಿದ್ದರು.

ಅತ್ತಿಗೆ ಮೊದಲು ಪೊಟ್ಟಣಗಳನ್ನು ಹೆಕ್ಕಿದರು. ಹೆಕ್ಕಿ, ಮಡಚಿ, ತಮ್ಮನವರ ಚೀಲಕ್ಕೆ ಹಾಕಿದರು. ಆಮೇಲೆ ಜಗಲಿಯ ಕಡೆ ನೋಡುತ್ತಾ ನಿಂತರು. ಅವರು ಏನು ನೋಡುತ್ತಿದ್ದಾರೆಂದು ನನಗೂ ಆಗ ತಿಳಿಯಿತು. ನನಗೆ ಬೇಗ ಅಲ್ಲಿಂದ ಹೊರಡಬೇಕೆನಿಸಿತು.

"ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬರುತ್ತೆ?" ಎಂದು ಕೇಳಿದರು.

 ಮಿಲಿಟರಿಯವರು ಗೋಡೆಯ ಮೇಲೆ ಪಾಚಿ ನಿಂತುಹೋಗುವ ಗೆರೆಯನ್ನು ತೋರಿಸಿದರು. "ಇಲ್ಲಿವರೆಗೆ. ತೀರಾ ದೊಡ್ಡ ನೆರೆ ಬಂದ್ರೆ ಇನ್ನೂ ಮೇಲೆ."

ಗೆರೆ ಜಗಲಿಗಿಂತ ಒಂದು ಗೇಣು ಕೆಳಗಿತ್ತು.

"ಬಿದ್ದವರು ಇದರ ಮೇಲೆ ಹತ್ತಕ್ಕೆ ಆಗುತ್ತಾ?"

"ಅಮ್ಮ, ಅಷ್ಟು ಎತ್ತರದಿಂದ ಬಿದ್ದವರು..."

"ಆಗುತ್ತಾ?"

"ಪ್ರಜ್ಞೆ ಇದ್ರೆ ಹತ್ತಬಹುದು" ಎಂದರು ಅವರು. ಸುಳ್ಳು ಹೇಳುವ ಮನುಷ್ಯರನ್ನು ಆರಿಸಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಆ ಕ್ಷಣ ನನಗನ್ನಿಸಿತು.

ಅತ್ತಿಗೆ ನೀರು ದಾಟಿ ಜಗಲಿ ಹತ್ತಿದರು. ಗೋಡೆಗೆ ಬೆನ್ನು ಕೊಟ್ಟು, ಮಂಡಿ ಮಡಚಿ ಕೂತರು. ಮೇಲಿನ ಬೆಳಕಿನ ಸೀಳನ್ನು ನೋಡಿದರು. ನಂತರ, ಅಡಿಗೆಮನೆಯಿಂದ ಅಂಗಳದಲ್ಲಿದ್ದ ಅಣ್ಣನನ್ನು ಕರೆಯುತ್ತಿದ್ದ ಹಾಗೆ, "ಇವ್ರೇ" ಎಂದು ಕೂಗಿದರು. ಇನ್ನೊಂದು ಸಲ ಗಟ್ಟಿಯಾಗಿ ಕೂಗಿದರು. ಗುಂಡಿಯ ಈಚೆ ದಡದಲ್ಲಿದ್ದ ನನಗೇ ಅದು ಅರ್ಧ ಕೇಳಿಸಿತು. ಉಳಿದದ್ದನ್ನು ಅಬ್ಬಿಯ ಸದ್ದು ನುಂಗಿತು.

"ಮೇಲೆ ನಿಂತವರಿಗೆ ಇದು ಕೇಳಲ್ಲ ಅಲ್ವಾ?"

"ಇಲ್ಲ ಅಮ್ಮ."

"ಮೇಲಿಂದ ಕೂಗಿದ್ದು ಇಲ್ಲಿಗೆ?"

"ಅದೂ ಕೇಳಲ್ಲ."

ಅವರು ತಲೆ ಆಡಿಸಿದರು. ಸ್ವಲ್ಪ ಹೊತ್ತು ಆ ಕಡೆ ತಿರುಗಿ ನಿಲ್ಲಿ ಎಂದು ನಮ್ಮೆಲ್ಲರಿಗೂ ಕೈಸನ್ನೆ ಮಾಡಿದರು. ನಾವು ಮೂವರೂ ಬಂಡೆಯ ಕಡೆ ಮುಖ ಮಾಡಿ ನಿಂತೆವು. ಅಲ್ಲಿ ಅವರು ಅತ್ತರೋ, ಏನು ಮಾಡಿದರೋ ನನಗೆ ಗೊತ್ತಿಲ್ಲ. ಬಂದು ನನ್ನ ಭುಜ ಮುಟ್ಟಿದಾಗ ಅವರ ತುಟಿ ಚಳಿಗೆ ನೀಲಿಯಾಗಿತ್ತು.

ಅಲ್ಲಿಂದ ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಇನ್ನಷ್ಟು ಹಗ್ಗ, ಇನ್ನಷ್ಟು ತಣ್ಣೀರು. ಒಂದು ಕಡೆ ಕಾಲು ಜಾರಿ ನೀರು ಕುಡಿದೆ, ತಮ್ಮನವರು ಕಾಲರ್ ಹಿಡಿದು ಎತ್ತಿದರು. ಮಧ್ಯಾಹ್ನದ ಹೊತ್ತಿಗೆ ಬಂಡೆಗಳು ಒಮ್ಮೆಲೇ ಎರಡೂ ಕಡೆಗೆ ಸರಿದು, ಗದ್ದೆಬಯಲು, ಬಿಸಿಲು, ಮೇಯುವ ದನಗಳು ಕಂಡವು. ಅಣ್ಣ ಸಿಕ್ಕಿದ ಜಾಗ ಅದು. ನಾವು ಅಲ್ಲೇ ಬದುವಿನ ಮೇಲೆ ಕೂತು ಒದ್ದೆ ಶೂ ಬಿಚ್ಚಿದೆವು.

ಮಿಲಿಟರಿಯವರು ಮನೆಯಿಂದ ಅಕ್ಕಿರೊಟ್ಟಿ, ಚಟ್ನಿ ಕಟ್ಟಿಸಿ ತಂದಿದ್ದರು. ಎಲೆ ಬಿಚ್ಚಿ ಕೊಟ್ಟರು. ಅತ್ತಿಗೆ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

"ತಿನ್ನಿ ಅತ್ತಿಗೆ" ಎಂದೆ.

"ಅವತ್ತು ತಿಂಡಿ ತಿಂದು ಹೋಗಿ ಅಂದೆ ಮಾರಾಯ್ತಿ. ನೀರು ಬಿಟ್ಟು ಬಂದು ತಿಂತೀನಿ ಅಂದ್ರು." ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: "ಒಂದು ದಿನ ಬದುಕಿದ್ರು ಅಂತ ಇಟ್ಕೊ. ಹಸಿವಾಗಿರ್ಬೇಕಲ್ವಾ?"

"ಡಾಕ್ಟ್ರು ಆಗ್ಲೇ ಹೇಳಿದಾರಲ್ಲ, ತಕ್ಷಣ ಹೋಗಿದಾರೆ ಅಂತ."

"ಡಾಕ್ಟ್ರು ಅದನ್ನ ನೋಡಿಲ್ಲ" ಎಂದರು. ರೊಟ್ಟಿಯನ್ನು ಎಲೆಯಲ್ಲಿ ಸುತ್ತಿ ಪಕ್ಕಕ್ಕೆ ಇಟ್ಟರು.

ನನ್ನ ಮನಸ್ಸಿನಲ್ಲಿ ಒಂದು ಆಸೆ ಇತ್ತು. ಇದೆಲ್ಲ ಆದ ಮೇಲೆ ಅತ್ತಿಗೆ ಹಗುರಾಗುತ್ತಾರೆ ಎಂದು. ಹಾಗಾಗಲಿಲ್ಲ. ಅಷ್ಟು ವರ್ಷ ಅವರನ್ನು ಕಾಡಿದ್ದು ಊರವರ ಮಾತು. ಅದಕ್ಕೆ ಸಿಟ್ಟು ಬರುತ್ತಿತ್ತು, ಆ ಸಿಟ್ಟಿನಲ್ಲಿ ತೋಟ ಮಾಡಿದ್ದರು. ಈಗ ಕಾಡಿದ್ದು ಆ ಒಣ ಜಗಲಿ. ಅದಕ್ಕೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಆ ಬೇಸಿಗೆಯಲ್ಲಿ ಅವರು ತೀರಾ ಸೊರಗಿದರು. ನಾನು ಯಾಕೆ ಒಪ್ಪಿ ಜೊತೆಗೆ ಹೋದೆನೋ ಎಂದು ಗಂಡನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅತ್ತಿಗೆಗೆ ಗೊತ್ತಾಗುವುದೇ ಬೇಡವಾಗಿತ್ತು ಎಂದು ಗಂಡ ಅನ್ನುತ್ತಿದ್ದರು. ಅತ್ತಿಗೆಯನ್ನು ಕೇಳಿದರೆ ಮಾತ್ರ, "ಗೊತ್ತಿಲ್ದೆ ಹ್ಯಾಗಿರದು?" ಎಂದು ತಿರುಗಿ ಕೇಳಿದರು.

ಅವರೊಂದು ಕೆಲಸ ಮಾಡಿದರು. ಒಬ್ಬರೇ ಅತ್ತಿಗುಂಡಿಯ ಕ್ಯಾಂಪಿಗೆ ಹೋಗಿ, ಆ ನಗುಮುಖದವನ ಎದುರು ಕೂತು, ಆ ಹೆಂಡತಿ ನಾನೇ ಎಂದರು. ಜಗಳ ಆಡಿರಲಿಲ್ಲ, ಅವರು ಕುಡಿದಿರಲಿಲ್ಲ, ಪೈಪ್ ಸರಿಮಾಡಲು ಹೋಗಿದ್ದರು, ನಾನೂ ಅಲ್ಲಿಗೆ ಇಳಿದು ಕೂತು, ಅವರನ್ನು ಕೂಗಿ ನೋಡಿ ಬಂದಿದ್ದೇನೆ, ಇನ್ನು ಆ ಕಥೆ ಹೇಳಬೇಡಿ ಎಂದರು. ಅವನು ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಕ್ಷಮೆ ಕೇಳಿದನಂತೆ. ಹೇಳುವುದನ್ನು ನಿಲ್ಲಿಸಿದ್ದೂ ನಿಜ. ಆದರೆ ಮುಂದಿನ ವರ್ಷ ನಮ್ಮ ಆಫೀಸಿನ ಹುಡುಗಿಯೊಬ್ಬಳು ಸ್ನೇಹಿತೆಯರ ಜೊತೆ ಅಲ್ಲಿಗೆ ಹೋಗಿ ಬಂದು, ಒಂದು ಹೆಂಗಸು ಪ್ರತಿವರ್ಷ ಆ ಗುಂಡಿಗೆ ಇಳಿದು ಸತ್ತ ಗಂಡನನ್ನು ಕೂಗಿ ಕರೆಯುತ್ತಾಳಂತೆ ಎಂದು ಮೈ ಜುಮ್ಮೆನಿಸಿಕೊಂಡು ಹೇಳಿದಳು.

ಇದನ್ನು ಅತ್ತಿಗೆಗೆ ಹೇಳುವುದೋ ಬೇಡವೋ ಎಂದು ಬಹಳ ದಿನ ಯೋಚಿಸಿ, ಕೊನೆಗೆ ಹೇಳಿದೆ. ಅವರು ಅಂಗಳದಲ್ಲಿ ಕಾಫಿ ಬೇಳೆ ಒಣಗಲು ಹರವುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಹೇಳ್ಕೊಳ್ಲಿ" ಎಂದರು. "ಕುಡಿದು ಹಾರಿದ ಅನ್ನದಕ್ಕಿಂತ ಇದು ವಾಸಿ."

ಅದಾದ ಮೇಲೆ ನಾವು ಮತ್ತೆ ಆ ಮಾತು ಎತ್ತಿಲ್ಲ. ಮಳೆ ಕಟ್ಟಿ ಹೊಡೆಯುವ ದಿನಗಳಲ್ಲಿ ನಾನು ಸಂಜೆ ಆಫೀಸಿನಿಂದ ಬಂದವಳೇ ಅವರಿಗೆ ಫೋನ್ ಮಾಡುತ್ತೇನೆ. ಲೈನು ಸಿಕ್ಕಿದರೆ ಅವರು ಕೊಳೆರೋಗದ ಬಗ್ಗೆ, ಬಿದ್ದ ಸಿಲ್ವರ್ ಮರದ ಬಗ್ಗೆ, ಕೆಲಸಕ್ಕೆ ಬಾರದ ಆಳುಗಳ ಬಗ್ಗೆ ಹೇಳುತ್ತಾರೆ. ಹೇಳುವುದು ಮುಗಿದ ಮೇಲೂ ಫೋನ್ ಇಡುವುದಿಲ್ಲ. ನಾನೂ ಇಡುವುದಿಲ್ಲ. ಆ ಕಡೆ ಹೆಂಚಿನ ಮೇಲೆ ಬೀಳುವ ಮಳೆ ಕೇಳಿಸುತ್ತಿರುತ್ತದೆ. "ಇದೀಯ?" ಎಂದು ಅವರು ಕೇಳುತ್ತಾರೆ. ಇದೀನಿ ಅನ್ನುತ್ತೇನೆ.